ಚಿನ್ನದ ಚಿಪ್ಪಿನ ಸೋಫಾ

ಸರಳವಾಗಿ ಬದುಕುವ ಬುದ್ಧಿ ಕೊಡು ಎಂದು ಐದು ಹೊತ್ತೂ ದೇವರಲ್ಲಿ ಬೇಡುವ ನನ್ನ ಮನೆಯ ಹಾಲ್‌ನಲ್ಲಿ ಚಿನ್ನದ ಬಣ್ಣದ ಸೋಫಾ ಇದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬಂದವರು ಹೇಗೂ ನೋಡಿಯೇ ನೋಡುತ್ತಾರೆ.

ಗದಗದಿಂದ ಅತ್ತೆ ಮೊದಲ ಸಲ ವಿಮಾನ ಹತ್ತಿ ನಾವಿರುವ ಸುಬಾಂಗ್ ಜಯಾಕ್ಕೆ ಬರುವವರಿದ್ದರು. ಮಂಡಿನೋವಿನ ಜೀವ, ಒಂದು ತಿಂಗಳು ಇರುತ್ತಾರೆ, ಮೆತ್ತಗೆ ಕೂರಲಿ ಎಂದು ನಿಲಾಯ್ ಊರಿನ ಸೋಫಾ ಅಂಗಡಿಯೊಂದಕ್ಕೆ ಹೋದೆವು. ಬೂದುಬಣ್ಣದ ಸಾದಾ ಸೋಫಾದಲ್ಲಿ ಯಜಮಾನರು ಕೂತು ಆಗಲೇ ಕಣ್ಣು ಮುಚ್ಚಿದ್ದರು. ನನ್ನ ಕಣ್ಣು ಮಾತ್ರ ಇದರ ಮೇಲೆ ಬಿತ್ತು. ಕೆನೆಬಣ್ಣದ ಬಟ್ಟೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಕೆತ್ತನೆಯ ಚಿಪ್ಪು, ಚಿಪ್ಪಿನಿಂದ ಎಲೆ, ಎಲೆಯಿಂದ ಬಳ್ಳಿ, ಮೊಣಕಾಲು ಬಗ್ಗಿಸಿದ ಆಡಿನಂಥ ಕಾಲು. ಹುಡುಕಿದರೂ ಒಂದು ನೇರ ಗೆರೆ ಇಲ್ಲ. ಜಿಲೇಬಿ ಹುಯ್ಯುವವನ ಕೈಗೆ ಉಳಿ ಕೊಟ್ಟಂತಿತ್ತು.

ಮನೆಗೆ ಬಂದ ಮೇಲೆ ನೋಡುತ್ತೇನೆ, ಎಡಗಡೆಯ ಸುರುಳಿ ಒಂದು ಥರ, ಬಲಗಡೆಯದು ಇನ್ನೊಂದು ಥರ! ರೊಟ್ಟಿ ಸೊಟ್ಟಗಾದರೆ ಮತ್ತೆ ಮುದ್ದೆ ಮಾಡಿ ತಟ್ಟುವವಳು ನಾನು. ತಕ್ಷಣ ಅಂಗಡಿಗೆ ಫೋನು ಮಾಡಿ ಜಗಳಕ್ಕೆ ನಿಂತೆ. "ಆಂಟಿ, ಡ್ಯಾಮೇಜ್ ಅಲ್ಲ ಲಾ, ಡಿಸೈನ್!" ಎಂದು ಅಂಗಡಿಯವನು, ಇಲ್ಲಿಯವರ ಮಾತಿನ ಬಾಲವಾದ 'ಲಾ' ಸೇರಿಸಿ, ನಕ್ಕ.

ಕಾಲೇಜಿನಲ್ಲಿ ಒಳಾಂಗಣ ವಿನ್ಯಾಸ ಓದುವ ಮಗಳು ಸನಾ ಅವನ ಪರ. "ಅಮ್ಮೀ, ದಿಸ್ ಈಸ್ ರೊಕೊಕೊ!" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಆ ಶೈಲಿಯ ಪಾಠವನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಸುಮಾರು ಮುನ್ನೂರು ವರ್ಷದ ಹಿಂದೆ ಫ್ರಾನ್ಸಿನ ಸಿರಿವಂತರಿಗೆ ಅರಮನೆಯ ಗತ್ತು, ಸೆಟೆದು ಕೂರುವ ಕುರ್ಚಿ ಎರಡೂ ಸಾಕಾದವಂತೆ. ಸಣ್ಣ ಕೋಣೆ, ತೆಳು ಬಣ್ಣ, ಗೋಡೆಯ ಮೇಲೆ ಬಳ್ಳಿ, ಚಿತ್ರದಲ್ಲಿ ಗುಲಾಬಿ ಮೋಡ, ಪಿಂಗಾಣಿ ಬಟ್ಟಲಿಗೂ ಹೂವು. ಎರಡು ಬದಿ ಒಂದೇ ಥರ ಇರಲೇಬೇಕೆಂಬ ಹಟವನ್ನೂ ಬಿಟ್ಟರಂತೆ. ಕುರ್ಚಿಗಳನ್ನು ಮಾಡಿಸಿದ್ದೇ ಒರಗಿ ಕೂತು ಹರಟೆ ಹೊಡೆಯಲಿಕ್ಕೆ. "ಆ್ಯಂಡ್ ಯೂ ಪುಟ್ ಪ್ಲಾಸ್ಟಿಕ್ ಆನ್ ಇಟ್!" ಎಂದು ಸನಾ ಹಣೆ ಚಚ್ಚಿಕೊಂಡಳು.

ಹೌದು, ಪ್ಲಾಸ್ಟಿಕ್. ಅಂಗಡಿಯಿಂದ ಬಂದ ಹೊದಿಕೆಯನ್ನು ನಾನು ತೆಗೆದಿರಲಿಲ್ಲ. ತೆಗೆದರೆ ವಸ್ತು ಹಳೆಯದಾಯಿತು ಎಂದೇ ನಮ್ಮ ಮನೆಯ ಲೆಕ್ಕ. ಟಿವಿಯ ರಿಮೋಟು ಕೂಡ ಕವರಿನೊಳಗೇ ಮುಪ್ಪಾಗುತ್ತಿದೆ.

ಅತ್ತೆ ಬಂದರು. ಇಲ್ಲಿಯ ಸೆಕೆಗೆ ಕೂತರೆ ಪ್ಲಾಸ್ಟಿಕ್ ಮೈಗೆ ಅಂಟುತ್ತದೆ, ಎದ್ದರೆ ಚರ್ ಎನ್ನುತ್ತದೆ. ಒಂದೇ ಸಲ ಕೂತವರು, "ನವಾಬರ ಖುರ್ಚಿ ನನಗ್ಯಾಕವಾ? ಹೊಲಸಾದ್ರ ನೀನ ಒರಸ್ಕೋತ ಕುಂದ್ರಬೇಕು" ಎಂದು ಎದ್ದು ಅಡುಗೆಮನೆಯ ಸ್ಟೂಲು ಹಿಡಿದರು. ಯಾರಿಗಾಗಿ ಸೋಫಾ ತಂದೆನೋ ಅವರು ಹತ್ತು ದಿನ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ! ನಾನೋ, ಅವರ ಮಂಡಿಗೆ ಎಣ್ಣೆ ತಿಕ್ಕಿ, ನೋವು ಹೋಗಲೆಂದು ದುವಾ ಮಾಡಿ, ಆಮೇಲೆ ಹೋಗಿ ಸೋಫಾದ ಪ್ಲಾಸ್ಟಿಕ್ ಒರೆಸುತ್ತಿದ್ದೆ. ಮೇಲಿರುವವನ ತಾಳ್ಮೆ ದೊಡ್ಡದು.

ಒಂದು ಸಂಜೆ ಅಸರ್ ನಮಾಜು ಮುಗಿಸಿ ತಿರುಗಿದರೆ, ಅತ್ತೆ ಸ್ಟೂಲಿನಿಂದ ಏಳಲೂ ಆಗದೆ ಕೂರಲೂ ಆಗದೆ ಫ್ರಿಜ್ಜಿನ ಹಿಡಿಕೆಗೆ ಜೋತುಬಿದ್ದಿದ್ದರು. ಕತ್ತರಿ ತಂದು ಹೊದಿಕೆಯನ್ನು ಉದ್ದಕ್ಕೆ ಸೀಳಿದೆ. ಎದೆ ಸ್ವಲ್ಪ ಚುರುಕ್ ಎಂದಿತು, ಸುಳ್ಳು ಹೇಳಬಾರದು. ಅವರನ್ನು ಕೈಹಿಡಿದು ತಂದು ಕೂರಿಸಿ ಚಹಾ ಕೊಟ್ಟೆ.

ಎರಡನೇ ಗುಟುಕಿಗೇ ಚಹಾದ ಕಪ್ ವಾಲಿತು. ಕೆನೆಬಣ್ಣದ ಬಟ್ಟೆಯ ಮೇಲೆ, ಎಡಗಡೆ, ಅಂಗೈಯಗಲ ಕಲೆ. ಅತ್ತೆಯ ಮುಖ ಬಿಳುಚಿತು. "ಅಯ್ಯ, ಹೇಳಿದ್ದಿಲ್ಲೇನ ನಾ! ಕೆಡಿಸಿಬಿಟ್ಟೆನಲ್ಲವಾ" ಎಂದು ಏಳಹೊರಟರು. ಭುಜ ಹಿಡಿದು ಕೂರಿಸಿದೆ.

"ಕುಂದರ್ರಿ ಅತ್ತಿ. ಅದು ಡ್ಯಾಮೇಜ್ ಅಲ್ಲ ಲಾ, ಡಿಸೈನ್!"

ಸನಾ ಬಿದ್ದು ಬಿದ್ದು ನಕ್ಕಳು. ಅತ್ತೆಗೆ ಏನೂ ತಿಳಿಯದಿದ್ದರೂ ನಮ್ಮ ನಗು ನೋಡಿ ಬೆನ್ನು ಹಿಂದಕ್ಕೆ ಒರಗಿಸಿದರು, ಕಾಲು ಚಾಚಿದರು. ಗದಗದ ಸುದ್ದಿ ಹೊತ್ತು ಮುಳುಗಿ ಮಗ್ರಿಬ್ ನಮಾಜಿನವರೆಗೆ ಹರಿಯಿತು.

ಕಲೆ ಹೋಗಿಲ್ಲ. ಒಣಹಾಕಿದ ಬಟ್ಟೆ ಒಳಗೆ ತಂದ ಮೇಲೆ ಮಳೆ ಬಂದದ್ದು, ಹಾಲು ಉಕ್ಕುವ ಮೊದಲೇ ನೆನಪಾದದ್ದು, ಇಂಥವಕ್ಕೆಲ್ಲ ದಿನವೂ ದೇವರಿಗೆ ಶುಕ್ರ್ ಹೇಳುವವಳು ನಾನು; ಆ ಸಾಲಿಗೆ ಈಗ ಈ ಕಲೆಯೂ ಸೇರಿದೆ. ರಿಮೋಟಿನ ಕವರು ಮಾತ್ರ ಇನ್ನೂ ತೆಗೆದಿಲ್ಲ. ಎಲ್ಲ ಬುದ್ಧಿಯನ್ನೂ ಒಂದೇ ಸಲಕ್ಕೆ ಬೇಡುವುದು ದುರಾಸೆಯಾದೀತು.