ನಾಲ್ಕು ಕೋಣೆಗಳಲ್ಲಿ ಒಂದೇ ಶ್ರೀ

ಹಳೆಯದೊಂದು ಟೆಂಪೋ ಕೊಳ್ಳುವಷ್ಟು ದುಡ್ಡು ಸುರಿದು ನಾನು ಕಂಪ್ಯೂಟರ್ ತಂದೆ. ಟಿಳಕವಾಡಿಯಲ್ಲಿ ಹಂಚು ಮಾರುವವನಿಗೆ ಅದೇಕೆ ಎಂದು ಬಾಜು ಅಂಗಡಿಯವರೆಲ್ಲ ನಕ್ಕರು. ಕಾರಣ ಇಷ್ಟೇ: ಖಾನಾಪುರದಲ್ಲಿ ನನಗೆ ಹಂಚು ಸುಟ್ಟುಕೊಡುತ್ತಿದ್ದ ಭಟ್ಟಿಯ ಮಾಲೀಕರು ಒಂದು ತರಿಸುವವರಿದ್ದರು. ಇಬ್ಬರೂ ಒಟ್ಟಿಗೆ ಕೊಂಡರೆ ಬೆಲೆ ಇಳಿದೀತೆಂದು ನಾನೂ ಸೇರಿಕೊಂಡೆ. ಇಳಿಯಿತು. ಮೇಲಾಗಿ ಒಂದು ಡಬ್ಬಿ ಫ್ಲಾಪಿಯನ್ನೂ, ಧೂಳು ಕೂರದಂತೆ ಹೊದಿಸುವ ಪ್ಲಾಸ್ಟಿಕ್ ಗವಸನ್ನೂ ಬಿಟ್ಟಿಯಾಗಿ ಗಿಟ್ಟಿಸಿದೆ. ಪ್ರಿಂಟರಿನ ಬೆಲೆಯಲ್ಲಿ ಮಾತ್ರ ಮಾರುವವನು ಜಗ್ಗಲಿಲ್ಲ. ‘ಹಂಗಾದ್ರ ಅದು ನಿಮ್ಮ ಕಡೇನ ಇರ್ಲಿ’ ಎಂದು ಬಿಟ್ಟುಬಂದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಿರಾಕಿಗಳು ಹಂಚು ನೋಡುವ ಮೊದಲು ಕಂಪ್ಯೂಟರ್ ನೋಡಲು ಒಳಗೆ ಬರುತ್ತಿದ್ದರು. ಬಂದವರನ್ನು ನಾನು ಬರಿಗೈಲಿ ಕಳಿಸುತ್ತಿರಲಿಲ್ಲ. ಹಾಗೆ ನೋಡಿದರೆ ಆ ಕಂಪ್ಯೂಟರ್ ದುಬಾರಿಯೇನಲ್ಲ.

ಆಗಿನ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಮಿಣುಕುವ ಒಂದು ಗೆರೆ. ಈಗ ಎಲ್ಲರೂ ಫೋಲ್ಡರ್ ಎನ್ನುತ್ತಾರಲ್ಲ, ಅದನ್ನು ಆಜ್ಞೆ ಟೈಪ್ ಮಾಡಿ ನಾವೇ ಮಾಡಿಕೊಳ್ಳಬೇಕು. ನಾನು ಅದನ್ನು ಕೋಣೆ ಎನ್ನುತ್ತಿದ್ದೆ. ಗೋದಾಮು ಕಟ್ಟಿಸಿದವನಿಗೆ ಕೋಣೆ ಮಾಡುವುದೇನು ದೊಡ್ಡದು? ಗಿರಾಕಿಯ ಊರಿಗೊಂದು ಕೋಣೆ. ಒಳಗೆ, ಅವರ ಹೆಸರು, ಊರು ಹಾಕಿ, ಮನೆಗೆ ಯಾವ ನಮೂನೆಯ ಹಂಚು ಎಷ್ಟು ಬೇಕೆಂದು ಬರೆದ ಒಂದು ಫೈಲು.

ಫೈಲಿಗೆ ಹೆಸರಿಡುವ ಕೆಲಸ ಅವ್ವನಿಂದ ಸುಲಭವಾಯಿತು. ನಮ್ಮಲ್ಲಿ ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ತೆರೆದರೆ ಮೊದಲು ಶ್ರೀ ಬರೆಯದೆ ಮುಂದಕ್ಕೆ ಹೋಗುವುದಿಲ್ಲ. ಅವಳು ಗವಸು ಸರಿಸಿ, ಪರದೆಯ ನೆತ್ತಿಗೆ ವಿಭೂತಿ ಹಚ್ಚಿ, ‘ಎಲ್ಲಾರ ಖಾತೇಕೂ ಶ್ರೀ ಹಾಕೀಯೇನೋ?’ ಎಂದಳು. ‘ಹಾಕೇನಬೇ’ ಎಂದೆ. ಅಂದಿನಿಂದ ಯಾವ ಗಿರಾಕಿ ಬಂದರೂ ಅವರ ಊರಿನ ಕೋಣೆಯೊಳಗಿನ ಫೈಲಿನ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ಶ್ರೀ. ಕೋಣೆಗಳು ಬೇರೆ ಬೇರೆ ಇದ್ದುದರಿಂದ ಕಂಪ್ಯೂಟರೂ ತಕರಾರು ಮಾಡಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಕಾಕತಿ, ನಂದಗಡ, ಜಾಂಬೋಟಿ, ಕಣಕುಂಬಿ, ಹೀಗೆ ನಾಲ್ಕು ಊರಿನವರು ಹಂಚಿಗೆ ಕಾದಿದ್ದರು. ಖಾನಾಪುರದ ಭಟ್ಟಿಗೆ ಮಳೆಗೆ ಮುಂಚೆ ಕೊನೆಯ ಬಾರಿ ಬೆಂಕಿ ಬೀಳುವುದಿತ್ತು. ಒಣಗಿಸಿಟ್ಟ ಹಂಚುಗಳಲ್ಲಿ ಯಾವುದೆಷ್ಟು ಒಳಗೆ ಪೇರಿಸಬೇಕೆಂದು ಆ ದಿನ ನಾನು ಹೇಳದಿದ್ದರೆ ಜಾಗವೆಲ್ಲ ಗೋವೆಯ ವ್ಯಾಪಾರಿಯ ಪಾಲು. ಉಳಿದವರು ಹೇಗೋ ತಡೆದಾರು. ಕಾಕತಿಯ ಮಾಸ್ತರರು ಮಾತ್ರ ನನ್ನ ಮಾತು ನಂಬಿ ಹಳೆಯ ಹಂಚನ್ನೆಲ್ಲ ಇಳಿಸಿಬಿಟ್ಟು, ತೊಲೆಗಳ ಮೇಲೆ ತಾಡಪಾಲು ಕಟ್ಟಿಕೊಂಡು ಹೆಂಡತಿ ಮಕ್ಕಳೊಂದಿಗೆ ಮೋಡ ನೋಡುತ್ತ ಕುಳಿತಿದ್ದರು.

ನಾಲ್ಕೂ ಕೋಣೆಗಳ ಫೈಲುಗಳನ್ನು ಒಂದಾದ ಮೇಲೊಂದರಂತೆ ಒಂದೇ ಫ್ಲಾಪಿಗೆ ನಕಲು ಮಾಡಿದೆ. ಪ್ರತಿ ಸಲವೂ ಒಂದು ಫೈಲು ನಕಲಾಯಿತೆಂದು ಪರದೆ ಹೇಳಿತು. ಫ್ಲಾಪಿ ಮಡಚಿಕೊಳ್ಳಬಾರದೆಂದು ಪಂಚಾಂಗದೊಳಗೆ ಇಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಮಾಲೀಕರು ತಮ್ಮ ಕಂಪ್ಯೂಟರಿಗೆ ಫ್ಲಾಪಿ ತುರುಕಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

‘ಸಾವಕಾರ್ರ, ನಾಕ ಮನಿ ಅಂದಿದ್ರಿ. ಇಲ್ಲೊಂದ ಐತಿ. ಕಣಕುಂಬಿದು.’

‘ಇನ್ನೊಮ್ಮೆ ನೋಡ್ರಿ ಅಣ್ಣಾರ, ಅದರ ಕೆಳಗ ಇರತಾವು.’

‘ಕೆಳಗ ಮೇಜ ಐತ್ರಿ!’

ಅಷ್ಟರಲ್ಲಿ ನನಗೆ ಹೊಳೆಯಿತು. ಕೋಣೆಯಿಂದ ಹೊರಬಿದ್ದ ಮೇಲೆ ಯಾವ ಶ್ರೀ ಯಾವ ಊರಿನದೆಂದು ಫ್ಲಾಪಿಗೇನು ಗೊತ್ತು? ಕಾಕತಿಯ ಶ್ರೀಯ ಮೇಲೆ ನಂದಗಡದ್ದು, ಅದರ ಮೇಲೆ ಜಾಂಬೋಟಿಯದು ಬಂದು ಕೂತು, ಕೊನೆಗೆ ಬಂದ ಕಣಕುಂಬಿ ಎಲ್ಲರನ್ನೂ ಅಳಿಸಿ ತಾನೊಂದೇ ಉಳಿದಿತ್ತು. ಆ ಕಾಲದ ಕಂಪ್ಯೂಟರು ‘ಹಳೆಯದನ್ನು ಅಳಿಸಲೇ?’ ಎಂದು ಒಂದು ಮಾತು ಕೇಳುತ್ತಲೂ ಇರಲಿಲ್ಲ.

‘ಗೋವಾದಂವ ಹೊರಗ ಚಾ ಕುಡ್ಯಾಕ ಹತ್ಯಾನ,’ ಎಂದರು ಮಾಲೀಕರು. ‘ಕರೀಲೇನು?’

‘ಕುಡೀಲಿ ಬಿಡ್ರಿ, ಇನ್ನೊಂದ ಕಪ್ ನನ್ನ ಲೆಕ್ಕದಾಗ ಕೊಡ್ರಿ,’ ಎಂದು ಎಕ್ಸ್‌ಚೇಂಜಿಗೆ ಹೇಳಿ ಟಿಳಕವಾಡಿಯ ಅಂಗಡಿಗೆ ಫೋನು ಹಾಕಿಸಿದೆ. ಅಂಗಡಿಯ ಹಿಂದೆಯೇ ನಮ್ಮ ಮನೆ; ಹೆಂಡತಿ ಬಂದು ಎತ್ತಿದಳು. ನಾನು ಮಾಡುವುದನ್ನು ಅವಳು ನೋಡಿದ್ದಳೇ ಹೊರತು ಅದನ್ನು ಮುಟ್ಟಿದವಳಲ್ಲ.

‘ಕೋಣಿಯೊಳಗ ಹೋಗಾಕ ಸಿ ಡಿ ಹೊಡದು, ಸ್ವಲ್ಪ ಜಾಗಾ ಬಿಟ್ಟು ಕಾಕತಿ ಅಂತ ಹೊಡಿ.’

‘ಹೋದೇರಿ ಕಾಕತಿಗೆ.’

‘ಟೈಪ್ ಅಂತ ಹೊಡದು, ಮುಂದ ಶ್ರೀ ಹೊಡಿ. ಬಂದದ್ದನ್ನ ಓದು.’

ಅವಳು ಓದಿದಳು. ನಾನು ಮರಳಿ ಹೇಳಿದ್ದನ್ನು ಮಾಲೀಕರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು.

‘ಈಗ ನಂದಗಡಕ್ಕ ಹೋಗು.’

‘ಅಂಥಾ ಊರ ಇಲ್ಲಂತೈತ್ರಿ ಇದು.’

‘ಕಾಕತಿಯೊಳಗ ನಿಂತ ಕೇಳಿದ್ರ ಹೆಂಗ ಸಿಗತೈತಿ? ಮೊದಲ ಹೊರಗ ಬಾ. ಸಿ ಡಿ, ಎರಡ ಚುಕ್ಕಿ.’

‘ಒಳಗ ಕಳಿಸಿ ಬಾಗಲಾ ಹಾಕ್ಕೊಂಡು ಈಗ ಚುಕ್ಕಿ ಇಡು ಅಂತೀರಿ. ನನ್ನ ಅನ್ನ ಒಲಿ ಮ್ಯಾಲ ಐತ್ರಿ!’

‘ಅಹೋ ವಹಿನಿ, ಅನ್ನ ಹೊತ್ತಿದ್ರ ಇವರಿಗೇ ಉಣಸ್ರಿ!’ ಎಂದು ನನ್ನ ಭುಜದ ಹಿಂದಿನಿಂದ ಮಾಲೀಕರು, ಮರಾಠಿಯಲ್ಲಿ ಅವಳನ್ನು ಅತ್ತಿಗೆಯೆಂದು ಕರೆದು, ಕೂಗಿದರು.

ನಂದಗಡದ ಲೆಕ್ಕ ಮುಗಿಯಿತೋ ಇಲ್ಲವೋ, ಫೋನು ಕಡಿದುಹೋಯಿತು. ಜಾಂಬೋಟಿ ಬಾಕಿ. ಮಾಲೀಕರು ಗೋವಾದವನನ್ನು ಕರೆಯಲು ಬಾಗಿಲ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಬೇಡಿಕೊಳ್ಳಬಾರದು, ಕೆಲಸ ಹಚ್ಚಬೇಕು. ‘ಅಣ್ಣಾರ, ಭಟ್ಟಿ ಹಿಂದಿನಿಂದ ತುಂಬೂದಲ್ಲೇನು? ಮಾಸ್ತರ್ರ ಹಂಚ ಮೊದಲ ಒಳಗ ಹಾಕಸ್ರಿ. ನಿಮ್ಮ ಆಳ ತುಂಬಕೋತ ಭಟ್ಟಿ ಬಾಗಲಕ್ಕ ಬರೂದ್ರೊಳಗ ಜಾಂಬೋಟಿದು ಹೇಳತೇನು. ಹೇಳಲಿಲ್ಲಂದ್ರ ಆ ಜಾಗಾ ಗೋವಾದವಂದು.’

‘ಮತ್ತ ಲಾರಿ ತುಂಬೂ ಆಳಿನ ಕೂಲಿ?’

‘ನಂದು.’

ಅವರು ಕಾಯುತ್ತಿದ್ದುದೇ ಅದಕ್ಕೆ. ಕೈ ಕುಲುಕಿ ಒಪ್ಪಿದರು. ಮಾಸ್ತರರ ಹಂಚು ಒಳಗೆ ಸೇರುವುದನ್ನು ನಿಂತು ನೋಡಿ ಮತ್ತೆ ಫೋನಿಗೆ ಕೂತೆ. ಬಾಗಿಲಿಗೆ ಇನ್ನೊಂದೇ ಸಾಲು ಬಾಕಿ ಇದ್ದಾಗ ಲೈನು ಸಿಕ್ಕಿತು. ಹೆಂಡತಿ ನನ್ನ ‘ಹಲೋ’ಗೂ ಕಾಯಲಿಲ್ಲ. ತಾನೇ ಎರಡು ಚುಕ್ಕಿ ಇಟ್ಟು ಜಾಂಬೋಟಿಗೆ ಹೋಗಿ ಕೂತಿದ್ದಳು. ಒಂದೇ ಉಸಿರಿಗೆ ಓದಿಬಿಟ್ಟಳು.

ಮಾಸ್ತರರ ಮಾಡಿಗೆ ಹಂಚು ಹೊದಿಸಿದ ಮೇಲೆ ಮಳೆ ಹಿಡಿಯಿತು. ಕತೆ ಅವರ ಕಿವಿಗೂ ಬಿದ್ದಿತ್ತು. ಅಂಗಡಿಗೆ ಬಂದವರು ಗವಸು ಎತ್ತಿ ನೋಡಿ, ‘ನಮ್ಮ ಮನಿ ಸೋರವಲ್ದು. ಇದಕ್ಕೂ ನಾಕ ಹಂಚ ಹೊಚ್ಚಸ್ರಿ’ ಎಂದು ಹೋದರು.

ಆದ್ದರಿಂದ ಹೇಳುತ್ತೇನೆ, ಕೇಳಿ. ಕೋಣೆ ಬೇರೆ ಇದೆಯೆಂದು ಫೈಲುಗಳಿಗೆಲ್ಲ ಒಂದೇ ಹೆಸರಿಡಬೇಡಿ. ಊರಿನ ಹೆಸರನ್ನು ಫೈಲಿಗೇ ಇಡಿ, ಶ್ರೀಯನ್ನು ಅದರೊಳಗೆ ಮೊದಲ ಸಾಲಿನಲ್ಲಿ ಬರೆಯಿರಿ. ನಮ್ಮವ್ವ ಇದಕ್ಕೆ ಒಪ್ಪಿದ್ದಾಳೆ, ನಿಮ್ಮ ಮನೆಯಲ್ಲೂ ಒಪ್ಪುತ್ತಾರೆ. ನಕಲಾಯಿತೆಂದು ಪರದೆ ಹೇಳಿದೊಡನೆ ಏಳಬೇಡಿ, ನಕಲು ಹೋದ ಜಾಗವನ್ನು ತೆರೆದು ಎಲ್ಲವೂ ಬಂದಿವೆಯೇ ನೋಡಿ. ಮನೆಯಲ್ಲಿ ಇನ್ನೊಬ್ಬರಿಗೆ ನಿಮ್ಮ ಕೋಣೆಗಳನ್ನು ತೋರಿಸಿಡಿ. ತೋರಿಸುವಾಗ ಒಳಗೆ ಹೋಗುವುದನ್ನಷ್ಟೇ ಅಲ್ಲ, ಹೊರಗೆ ಬರುವುದನ್ನೂ ಕಲಿಸಿ, ಅದೂ ಒಲೆಯ ಮೇಲೆ ಏನೂ ಇಲ್ಲದ ಹೊತ್ತು ನೋಡಿ.