ನಾನು ತಿದ್ದಿದ ಕಣ್ಣು

ಹೋದ ವಾರ ಯಶವಂತಪುರದಿಂದ ಹೆಬ್ಬಾಳಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕಿಯೊಬ್ಬರು ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು ಬಿಚ್ಚಿದರು. ಕಡ್ಡಿಪುಡಿಯ ಘಾಟು ಮೂಗಿಗೆ ಬಡಿಯಿತು. ನಾನು ಇಳಿಯಬೇಕಾದ ಸ್ಟಾಪು ದಾಟಿಹೋದದ್ದು ನನಗೆ ಗೊತ್ತೇ ಆಗಲಿಲ್ಲ...

ಅದೇ ವಾಸನೆಯ ಅಜ್ಜಿಯೊಬ್ಬರು ನನ್ನ ಬಳಿ ಚಿತ್ರ ಕಲಿಯಲು ಬರುತ್ತಿದ್ದರು. ಆರೇಳು ವರ್ಷದ ಹಿಂದಿನ ಮಾತು. ಸಹಕಾರನಗರದ ಪಾರ್ಕೊಂದರ ಪಕ್ಕದಲ್ಲಿ ಹಿರಿಯರ ಸಂಘದ ಒಂದು ಕೋಣೆಯಿತ್ತು. ವಾರಕ್ಕೆ ಎರಡು ದಿನ ಬೆಳಗ್ಗೆ ಅಲ್ಲಿ ಅರವತ್ತು ದಾಟಿದವರಿಗೆ ನಾನು ಚಿತ್ರಕಲೆ ಹೇಳಿಕೊಡುತ್ತಿದ್ದೆ. ಬರುವವರಲ್ಲಿ ಹೆಚ್ಚಿನವರು ಬ್ಯಾಂಕು, ಕಾಲೇಜುಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಜ್ಜಿ ಮಾತ್ರ ಅಮೃತಹಳ್ಳಿಯ ಹಳಬರು. ಒಂದು ಕಾಲಕ್ಕೆ ಸೊಪ್ಪು ಬೆಳೆದು, ಮಂಕರಿಯಲ್ಲಿ ಹೊತ್ತು ಬೀದಿ ಬೀದಿ ಮಾರಿದವರು. ಮೊದಲ ದಿನ ಮಗ ಸ್ಕೂಟರಿನಲ್ಲಿ ಕರೆತಂದು, “ಮನೇಲಿ ಸುಮ್ನೆ ಗೋಡೆ ನೋಡ್ಕೊಂಡ್ ಕೂತಿರ್ತಾರೆ ಮೇಡಂ, ಇಲ್ಲಾದ್ರೂ ನಾಲ್ಕು ಜನರ ಜೊತೆ ಇರ್ಲಿ” ಎಂದು ಬಿಟ್ಟುಹೋದರು.

ಅಜ್ಜಿ ಪೆನ್ಸಿಲನ್ನು ಕುಡುಗೋಲಿನ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ರಂಗೋಲಿ ಹಾಕಿದ ಕೈ, ಆದ್ದರಿಂದ ಗೆರೆಗೆ ಅಂಜಿಕೆ ಇರಲಿಲ್ಲ. ನಾನು ಹೂದಾನಿ ಇಟ್ಟರೆ ಉಳಿದವರು ಹೂದಾನಿ ಬರೆಯುತ್ತಿದ್ದರು. ಅಜ್ಜಿ ಬರೆಯುತ್ತಿದ್ದದ್ದು ಒಂದು ಹುಡುಗಿಯನ್ನು. ಯಾವತ್ತೂ ಅದೇ ಹುಡುಗಿ. ಮಡಚಿ ಕಟ್ಟಿದ ಎರಡು ಜಡೆ, ಅಗಲ ಹಣೆ, ಕತ್ತಿನ ಹತ್ತಿರ ಗುಂಡಿ ಕಿತ್ತುಹೋದ ಫ್ರಾಕು.

“ಯಾರಜ್ಜಿ ಇದು, ಮೊಮ್ಮಗಳಾ?” ಎಂದು ಒಮ್ಮೆ ಕೇಳಿದ್ದೆ.

“ಊಂ... ಒಂದು ಉಡುಗಿ ಕಣವ್ವ” ಎಂದರು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಎಂಟು ತಿಂಗಳಲ್ಲಿ ಆ ಹುಡುಗಿ ಹಾಳೆಯಿಂದ ಹಾಳೆಗೆ ಬೆಳೆದಳು. ಕೊನೆಗೆ ದೊಡ್ಡ ಹಾಳೆಯಲ್ಲಿ ಬಣ್ಣದ ಪೇಸ್ಟಲ್ ಕಡ್ಡಿಗಳಿಂದ ಬರೆಯಲು ಕೂತರು. ಮುಖವೊಂದಕ್ಕೇ ಎರಡು ತಿಂಗಳು ಹಿಡಿಯಿತು. ಒಂದು ಗೆರೆ ಎಳೆದು, ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು. ನಿದ್ದೆ ಬಂತೇನೋ ಎಂದುಕೊಳ್ಳುವಷ್ಟರಲ್ಲಿ ಕಣ್ಣು ತೆರೆದು ಇನ್ನೊಂದು ಗೆರೆ.

ವರ್ಷದ ಕೊನೆಗೆ ಎಲ್ಲರ ಚಿತ್ರಗಳ ಒಂದು ಪ್ರದರ್ಶನ ಇಟ್ಟೆವು. ಹಿಂದಿನ ಸಂಜೆ ಚಿತ್ರಗಳನ್ನು ಗೋಡೆಗೆ ಹಾಕುತ್ತ, ಒಬ್ಬರ ಕೆರೆಯ ದಡ ನೆಟ್ಟಗೆ ಮಾಡಿದೆ, ಇನ್ನೊಬ್ಬರ ಆಕಾಶಕ್ಕೆ ಸ್ವಲ್ಪ ನೀಲಿ ತುಂಬಿದೆ. ಮಕ್ಕಳು ಮೊಮ್ಮಕ್ಕಳು ನೋಡಲು ಬರುತ್ತಾರೆ, ಯಾರಿಗೂ ನಾಚಿಕೆಯಾಗಬಾರದು ಎಂಬುದು ನನ್ನ ಲೆಕ್ಕ. ಅಜ್ಜಿಯ ಹುಡುಗಿಯ ಎಡಗಣ್ಣಿನ ಪಾಪೆ ಮೂಗಿನ ಕಡೆಗೆ ಸರಿದಿತ್ತು. ಪಾಪ, ಕೈ ಜಾರಿದೆ ಎಂದುಕೊಂಡೆ. ಬ್ಲೇಡಿನಿಂದ ಮೆಲ್ಲಗೆ ಕೆರೆದು, ಪಾಪೆಯನ್ನು ನಡುವಿಗೆ ತಂದು, ಒಂದು ಬಿಳಿ ಚುಕ್ಕೆಯ ಹೊಳಪನ್ನೂ ಇಟ್ಟೆ. ಐದು ನಿಮಿಷದ ಕೆಲಸ. ಹುಡುಗಿ ನೋಡುವವರನ್ನೇ ನೆಟ್ಟಗೆ ನೋಡತೊಡಗಿದಳು. ನನಗೆ ಖುಷಿಯಾಯಿತು...

ಮರುದಿನ ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದರು. ನೆಟ್ಟಗೆ ತಮ್ಮ ಚಿತ್ರದ ಹತ್ತಿರ ಹೋಗಿ, ಹುಡುಗಿಯ ಎಡಗಣ್ಣಿನ ಮೇಲೆ ಬೆರಳಿಟ್ಟರು.

“ಯಾರು ಮುಟ್ಟಿದ್ದು ಇದನ್ನ?”

“ನಾನೇ ಅಜ್ಜಿ. ಒಂದು ಕಣ್ಣು ಸ್ವಲ್ಪ ಓರೆ ಆಗಿತ್ತು, ಸರಿ ಮಾಡ್ದೆ.”

“ಓರೆನೇ ಇತ್ತು ಅವ್ಳಿಗೆ” ಎಂದರು ಅಜ್ಜಿ.

ಆಮೇಲೆ ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳಿದರು. ಅದು ಅವರ ಮೊದಲ ಮಗಳು. ಏಳು ವರ್ಷಕ್ಕೆ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಸತ್ತ ಕೂಸಿನ ಹೆಸರು ಮನೆಯಲ್ಲಿ ಎತ್ತಕೂಡದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಆಮೇಲೆ ಹುಟ್ಟಿದ ಮಗನಿಗೂ ಹೇಳಿರಲಿಲ್ಲ.

“ನನ್ ನೋಡಿದ್ರೂ ಪಕ್ಕದಾಗೆ ಯಾರೋ ನಿಂತವ್ರೇನೋ ಅನ್ನಂಗೆ ನೋಡೋಳು. ಓಣಿ ಐಕ್ಳೆಲ್ಲ ಮೆಳ್ಳಿ ಮೆಳ್ಳಿ ಅಂತ ಆಡ್ಕೊಳ್ಳೋವು. ಅಳ್ತಾ ಬಂದು ನನ್ ಸೆರಗಲ್ಲಿ ಮುಖ ಮುಚ್ಕೊಳ್ಳೋಳು.” ಅಷ್ಟು ಹೇಳಿ ಅಜ್ಜಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ನನ್ನನ್ನು ಬೈಯಲಿಲ್ಲ.

ಕೆರೆದ ಬಣ್ಣವನ್ನು ಮತ್ತೆ ಹಾಳೆಗೆ ತರಲು ಆಗಲಿಲ್ಲ. ಕ್ಷಮೆ ಕೇಳಿದೆ. ಹೊಸ ಹಾಳೆ ಕೊಟ್ಟೆ, ಇದ್ದುದರಲ್ಲೇ ಒಳ್ಳೆಯದು. ಅಜ್ಜಿ ಮತ್ತೆ ಬರೆಯಲು ಕೂತರು. ಒಂದು ವಾರ, ಎರಡು ವಾರ... ಜಡೆ ಬಂತು, ಹಣೆ ಬಂತು. ಕಣ್ಣಿನ ಹತ್ತಿರ ಬಂದಾಗ ಕೈ ನಿಲ್ಲುತ್ತಿತ್ತು. ಐದನೆಯ ಹಾಳೆಯನ್ನೂ ಹಾಗೇ ಅರ್ಧಕ್ಕೆ ಬಿಟ್ಟು, ಒಂದು ಬೆಳಗ್ಗೆ ಪೇಸ್ಟಲ್ ಕಡ್ಡಿಗಳನ್ನು ಡಬ್ಬಿಗೆ ತುಂಬಿದರು.

“ಬತ್ತಾ ಇಲ್ಲ ಕಣವ್ವ. ಕಣ್ಮುಚ್ಚಿದ್ರೆ ನೀನು ಬರ್ದೋಳೇ ಬತ್ತಾಳೆ. ನನ್ನೋಳು ಬತ್ತಾ ಇಲ್ಲ.”

ನಾನು ಅಳುತ್ತಿದ್ದೆನೆಂದು ಕಾಣುತ್ತದೆ. ಅಜ್ಜಿ ನನ್ನ ಬೆನ್ನು ಸವರಿ, “ನಿಂದೇನ್ ತಪ್ಪು ಬಿಡು. ಚೆಂದಾಗ್ ಕಾಣ್ಲಿ ಅಂತ ಮಾಡ್ದೆ” ಎಂದರು. ಐವತ್ತು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡಿದ್ದ ಮುಖ. ಅದನ್ನು ನನ್ನೆದುರು ಹಾಳೆಗಿಳಿಸಿದರು, ನಾನು ಅಳಿಸಿದೆ. ಸಮಾಧಾನವನ್ನೂ ಅವರೇ ನನಗೆ ಹೇಳಬೇಕಾಯಿತು.

ಆವತ್ತು ಅಜ್ಜಿ ನಾನು ತಿದ್ದಿದ ಆ ಚಿತ್ರವನ್ನೇ ಸುತ್ತಿಕೊಂಡು ಮನೆಗೆ ಹೋದರು. ಅಂದಿನಿಂದ ಅವರು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಮಂಡಿನೋವು ಎನ್ನುತ್ತಿದ್ದರು. ಮನೆಗೆ ಹೋಗಬೇಕು ಎಂದುಕೊಳ್ಳುತ್ತಿದ್ದೆ, ಯಾವ ಮುಖ ಇಟ್ಟುಕೊಂಡು ಎಂದು ಮುಂದೂಡುತ್ತಿದ್ದೆ. ಕೊನೆಗೆ ಮಗನೇ ಫೋನ್ ಮಾಡಿ ಅಮ್ಮ ಹೋಗಿಬಿಟ್ಟರು ಎಂದರು.

ಹನ್ನೊಂದನೆಯ ದಿನ ಅಮೃತಹಳ್ಳಿಗೆ ಹೋದೆ. ನಡುಮನೆಯ ಗೋಡೆಯಲ್ಲಿ ಅಜ್ಜಿಯ ಫೋಟೋ ಇತ್ತು. ಅದರ ಪಕ್ಕದಲ್ಲೇ ಗಾಜು ಹಾಕಿಸಿದ ಆ ಚಿತ್ರ. ಎರಡಕ್ಕೂ ಸುಗಂಧರಾಜದ ಹಾರ.

“ನಮ್ಮಕ್ಕ, ಮೇಡಂ” ಎಂದರು ಮಗ. ಅವರಿಗೂ ಆಗ ತಲೆ ನರೆತಿತ್ತು. “ನಂಗೊಬ್ಳು ಅಕ್ಕ ಇದ್ಲು ಅಂತ ಗೊತ್ತಾಗಿದ್ದೇ ಈ ಚಿತ್ರದಿಂದ. ಕಣ್ಣು ನೋಡಿ, ಎಷ್ಟ್ ಚೆನ್ನಾಗಿದೆ.”

“ಕಣ್ಣಿನ ಬಗ್ಗೆ ಅಮ್ಮ ಏನಾದ್ರೂ ಹೇಳಿದ್ರಾ?” ಎಂದೆ.

“ಏನ್ ಹೇಳ್ಬೇಕು ಮೇಡಂ? ಥೇಟ್ ಇಂಗೇ ಇದ್ಲು ಅಂತ ಹೇಳ್ತಿದ್ರು.”

ನನ್ನ ಮಾನ ಉಳಿಸಲು ಹಾಗೆ ಹೇಳಿದರೋ, ಕೊನೆಗೆ ಅವರಿಗೂ ಹಾಗೇ ಅನ್ನಿಸಿಬಿಟ್ಟಿತೋ... ನನಗೆ ತಿಳಿಯದು. ಆವತ್ತು ನಿಜ ಹೇಳಲು ನನ್ನಿಂದ ಆಗಲಿಲ್ಲ. ಹೇಳಿದರೆ, ಆಗಷ್ಟೇ ಸಿಕ್ಕ ಅಕ್ಕನನ್ನು ಅವರಿಂದಲೂ ಕಿತ್ತುಕೊಂಡಂತೆ ಆಗುತ್ತಿತ್ತು.

ಈಗಲೂ ತರಗತಿ ನಡೆಸುತ್ತೇನೆ. ಯಾರಾದರೂ ಹಾಳೆ ಮುಂದೆ ಹಿಡಿದು “ಸ್ವಲ್ಪ ಸರಿ ಮಾಡ್ಕೊಡಿ ಮೇಡಂ” ಎಂದರೆ, ಮೊದಲು ಇದು ಯಾರು ಎಂದು ಕೇಳುತ್ತೇನೆ. ಆ ಮಗುವಿಗೆ ಓರೆಗಣ್ಣಿತ್ತು ಎಂದು ಬಲ್ಲವರು ಈಗ ನಾನೊಬ್ಬಳೇ. ನಾನಾದರೂ ಅವಳನ್ನು ಕಂಡವಳಲ್ಲ.