ಅಕ್ಕನ ತಲೆಗೂ ಹಾಯಿಯ ಕೋಲಿಗೂ ನಡುವೆ

ಕೊಪ್ಪಳದವನಾದ ನನ್ನ ಬಳಿ ಒಂದು ಹಾಯಿದೋಣಿ ಇದೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನೀರೆಲ್ಲಿದೆ ಎಂದು ಸುತ್ತಮುತ್ತ ನೋಡುತ್ತಾರೆ. ನೀರು ಹುಲಿಗಿಯಿಂದ ತುಸು ಮೇಲಕ್ಕೆ, ಅಣೆಕಟ್ಟಿನ ಹಿನ್ನೀರಿನಲ್ಲಿದೆ. ದೋಣಿಯೂ ಪೂರ್ತಿ ನನ್ನದಲ್ಲ, ಅರ್ಧ ನನ್ನ ಗೆಳೆಯ ಖಾದರನದು. ಬಣ್ಣದ ಅಂಗಡಿ ಇಟ್ಟಿರುವ ಖಾದರನಿಗೆ ಧೈರ್ಯ ಹುಟ್ಟಿನಿಂದಲೇ ಬಂದಿದೆ, ನನಗೆ ಚಿಂತೆ. ಹೀಗಾಗಿ ನಮ್ಮ ಪಾಲುದಾರಿಕೆ ಸುಸೂತ್ರ: ಅವನು ದೋಣಿ ನಡೆಸುತ್ತಾನೆ, ನಾನು ಅದು ಮುಳುಗಬಹುದಾದ ಬಗೆಗಳನ್ನು ಯೋಚಿಸುತ್ತ ಕೂಡುತ್ತೇನೆ.

ಆದರೆ ತೊಂದರೆ ಬಂದದ್ದು ಕೆಳಗಿನ ನೀರಿನಿಂದಲ್ಲ, ಮೇಲಿನ ಕೋಲಿನಿಂದ. ಹಾಯಿಯ ಕೆಳಅಂಚಿಗೆ ಉದ್ದನೆಯದೊಂದು ಅಡ್ಡಕೋಲು ಇರುತ್ತದೆ. ದೋಣಿ ದಿಕ್ಕು ಬದಲಿಸಿದಾಗ ಅದು ಕೂತವರ ತಲೆಯ ಮೇಲಿಂದ ಈ ಬದಿಯಿಂದ ಆ ಬದಿಗೆ ಬೀಸಿ ಹೋಗುತ್ತದೆ. ತಲೆಯ ಮೇಲಿಂದ ಎನ್ನುವುದು ದೋಣಿ ಮಾಡಿದವನ ನಂಬಿಕೆ. ನಮ್ಮ ದೋಣಿಯಲ್ಲಿ ಅದು ಸರಿಯಾಗಿ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಖಾದರ “ತಲಿ!” ಎಂದು ಕೂಗಬೇಕು, ನಾವು ಬಗ್ಗಬೇಕು.

ಬಗ್ಗುವುದು ನಮಗೇನೂ ಹೊಸದಲ್ಲ. ಯಲಬುರ್ಗಾ ಕಡೆಯ ಹಳೆಯ ಮನೆಗಳ ಬಾಗಿಲುಗಳೆಲ್ಲ ಗಿಡ್ಡ. ಒಳಗೆ ಬರುವವನು ವಿನಯದಿಂದ ಬರಲಿ ಎಂದು ಹಿರಿಯರು ಹಾಗೆ ಕಟ್ಟಿಸಿದರು ಎನ್ನುತ್ತಾರೆ. ಕಟ್ಟಿಗೆ ಸಾಲದೆ ಹೋಗಿರಬೇಕು ಎಂದು ನನ್ನ ಗುಮಾನಿ. ಇಲ್ಲದ ಕಟ್ಟಿಗೆಗೆ ವಿನಯದ ಹೆಸರಿಡುವುದು ಅಗ್ಗದ ಉಪಾಯ. ನಾನೂ ನನ್ನ ಪುಕ್ಕಲುತನಕ್ಕೆ ಮುಂಜಾಗ್ರತೆ ಎಂಬ ಹೆಸರಿಟ್ಟುಕೊಂಡವನೇ.

ಬಗ್ಗಲು ಬಾರದವರು ಬಂದಾಗ ಪೇಚಿಗಿಟ್ಟುಕೊಂಡಿತು. ಕುಷ್ಟಗಿಯಿಂದ ನನ್ನ ಅಕ್ಕ ಬಂದಳು. ಅವಳಿಗೆ ಕುತ್ತಿಗೆಯ ಆಪರೇಶನ್ ಆಗಿತ್ತು. ನೆಟ್ಟಗೆ ಕೂತು ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ತಟ್ಟನೆ ಬಗ್ಗುವಂತಿಲ್ಲ, ಪೆಟ್ಟಂತೂ ಬೀಳಲೇಬಾರದು.

“ಹುಲಿಗೆಮ್ಮನ ಗುಡಿಗೆ ಹೋದಾಗೆಲ್ಲಾ ದಂಡ್ಯಾಗ ನಿಂತು ನೀರು ನೋಡೇನಿ. ಒಮ್ಮೆ ನೀರಾಗ ಕುಂತು ದಂಡಿ ನೋಡಬೇಕಪಾ,” ಎಂದಳು. ನನ್ನ ಊಟ ಅರ್ಧಕ್ಕೇ ಸಾಕಾಯಿತು.

ಉಪಾಯ ಸರಳವಿತ್ತು. ಹಾಯಿಯ ಕೆಳಗಿನ ಒಂದು ಗೇಣು ಬಟ್ಟೆಯನ್ನು ಮಡಿಚಿ ಕೋಲಿಗೆ ಬಿಗಿದು, ಹಾಯಿಯನ್ನು ಮತ್ತೆ ಕಂಬದ ತುದಿಯವರೆಗೆ ಎಳೆದರೆ ಕೋಲೂ ಗೇಣಷ್ಟು ಮೇಲೇರುತ್ತದೆ, ಕೆಸರು ದಾಟುವಾಗ ಸೀರೆ ಎತ್ತಿ ಸಿಕ್ಕಿಸಿದ ಹಾಗೆ. ಬಟ್ಟೆ ಕಡಿಮೆಯಾದರೆ ಗಾಳಿ ಹಿಡಿಯುವುದೂ ಕಡಿಮೆ, ದೋಣಿ ನಿಧಾನವಾಗುತ್ತದೆ ಎಂದು ಖಾದರ ಮುಖ ಸಣ್ಣದು ಮಾಡಿದ. ನನಗಂತೂ ಒಂದೇ ಗಂಟಿನಲ್ಲಿ ಎರಡು ಲಾಭ. ಶನಿವಾರ ಹಾಗೆಯೇ ಬಿಗಿದು, ಅಕ್ಕ ಕೂಡುವ ಜಾಗದಲ್ಲಿ ನಾನೇ ಕೂತು ನೋಡಿದೆ. ಇಬ್ಬರದೂ ಒಂದೇ ಎತ್ತರ. ಕೋಲು ನನ್ನ ತಲೆಯನ್ನು ಮುಟ್ಟದೆ ಆ ಕಡೆ ಹೋಯಿತು.

ಭಾನುವಾರ ಖಾದರ ಮನೆಯಿಂದ ಒಂದು ಕೌದಿ ತಂದಿದ್ದ. ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿದ. ಬಂದವರನ್ನು ಬರಿ ಹಲಗೆಯ ಮೇಲೆ ಕೂಡಿಸುವ ವಾಡಿಕೆ ನಮ್ಮ ಕಡೆ ಇಲ್ಲ. ನಾನೂ ಹಿಂದೆ ಬೀಳದೆ ಅದರ ಮೇಲೊಂದು ದಿಂಬು ಇಟ್ಟೆ. ಅಕ್ಕ ಪಟ್ಟದ ರಾಣಿಯಂತೆ ಕೂತಳು. ಖಾದರ ಹಗ್ಗ ಬಿಚ್ಚಲು ಹೋದ.

“ಒಂದ್ಸಲ ಕೋಲು ಆಡಿಸಿ ನೋಡು,” ಎಂದೆ.

“ಎಷ್ಟು ಸಲ ನೋಡ್ತಿಯೋ ಮಾರಾಯಾ! ನಿನ್ನೆ ನೋಡೇವಲ್ಲ!” ಎನ್ನುತ್ತಲೇ ಅವನು ಕೋಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಂದ.

ಅದು ಅಕ್ಕನ ಕಿವಿಯ ಪಕ್ಕ ಬಂದು ನಿಂತಿತು.

ನಾವು ಗಳಿಸಿದ್ದ ಗೇಣನ್ನು ಕೌದಿ ಮತ್ತು ದಿಂಬು ಸೇರಿ ತಿಂದುಬಿಟ್ಟಿದ್ದವು. ಖಾದರನ ಮುಖ ಬಿಳಿಚಿತು. ಅಕ್ಕ ಕುತ್ತಿಗೆ ಹೊರಳಿಸದೆ ಕಣ್ಣನ್ನಷ್ಟೇ ಕೋಲಿನ ಕಡೆ ತಿರುಗಿಸಿದಳು.

“ಗಂಡನ ಮನ್ಯಾಗೂ ಯಾರೂ ನನ್ನ ಇಷ್ಟು ಎತ್ತರಕ್ಕ ಕುಂದರ್ಸಿದ್ದಿಲ್ಲ. ತಗೀರಿ ಇವನ್ನ.”

“ಬರೇ ಹಲಗಿ ಮ್ಯಾಲ ಹ್ಯಾಂಗ್ರಿ ಅಕ್ಕಾರ? ನಮ್ಮವ್ವ ಬೈತಾಳ,” ಎಂದ ಖಾದರ.

“ನಿಮ್ಮವ್ವಗ ನಾ ಹೇಳ್ತೀನಿ, ನಿನ್ನ ಮಗನ ಮರ್ಯಾದಿ ತಲೀಗೆ ಬಡೀತೈತಿ ಅಂತ.”

ಕೌದಿ ಬೆನ್ನ ಹಿಂದಕ್ಕೆ ಹೋಯಿತು, ದಿಂಬು ನನ್ನ ತೊಡೆಯ ಮೇಲೆ ಬಂತು. ಕೋಲನ್ನು ಮತ್ತೆ ಆಡಿಸಿದೆವು. ಈ ಸಲ ಅದು ಅಕ್ಕನ ತಲೆಯ ಮೇಲಿಂದ ಹಾಯಾಗಿ ದಾಟಿತು. ಜೀವಮಾನವಿಡೀ ಮಾಡಿದ ಚಿಂತೆಗಳಲ್ಲಿ ಇದೊಂದಾದರೂ ಕೆಲಸಕ್ಕೆ ಬಂತಲ್ಲ ಎಂದು ಎದೆ ಹಗುರಾಯಿತು.

ನೀರಿನ ನಡುವೆ ಹೋದ ಮೇಲೆ ಖಾದರ ದೋಣಿ ಹೊರಳಿಸಿದ. ರೂಢಿಯ ಮೇಲೆ “ತಲಿ!” ಎಂದ. ಕೋಲು ಬೀಸಿತು. ನಾನು ದಿಂಬನ್ನು ಅವುಚಿಕೊಂಡು, ಕಣ್ಣು ಮುಚ್ಚಿ, ದೋಣಿಯ ತಳಕ್ಕೆ ಇಳಿದಿದ್ದೆ. ಮೊದಲು ಕೇಳಿಸಿದ್ದು ಅಕ್ಕನ ನಗು.

“ಏಳು ತಮ್ಮಾ. ಬಗ್ಗಬ್ಯಾಡ ಅಂತ ನನಗ ಡಾಕ್ಟರ್ ಹೇಳ್ಯಾರ. ಬಗ್ಗು ಅಂತ ನಿನಗ ಯಾರು ಹೇಳ್ಯಾರ?”

ಎದ್ದು ಕೂತೆ. ಅವಳ ಕುತ್ತಿಗೆ ನೆಟ್ಟಗಿತ್ತು, ಕೂದಲೊಂದೂ ಅಲುಗಿರಲಿಲ್ಲ. ಆಗಲೇ ಅವಳು ಖಾದರನಿಗೆ, “ಇನ್ನೊಮ್ಮೆ ಹೊರಳಿಸಪಾ,” ಎನ್ನುತ್ತಿದ್ದಳು.

ಈ ಸಲ ನಾನು ಅರ್ಧ ಮಾತ್ರ ಬಗ್ಗಿದೆ. ನನ್ನಂಥವನಿಗೆ ಅದೂ ದೊಡ್ಡ ಸುಧಾರಣೆಯೇ.